ಈರಭದ್ರಪ್ಪನವರ ಬಾಡಿ

೫ ಫೆಬ್ರವರಿ ೧೯೬೧, ಭಾನುವಾರ

ಕನ್ನಡ ಮೇಷ್ಟ್ರು ಗಂಗಾಧರಯ್ಯನವರು ಬೆಳಿಗ್ಗೆ ಬೆಳಿಗ್ಗೆಯೇ ಕೊಡೆ, ನೋಟ್‌ಬುಕ್ಕು ಸಮೇತ ಮನೆಗೆ ಬಂದರು. ಕಡೂರಿಗೆ ಒಂದು ಇತಿಹಾಸ ಇದೆಯಂತೆ. ಐವತ್ತೆಂಟು ವರ್ಷದಿಂದ ಇದೇ ಊರಿನ ನೀರು ಕುಡಿಯುತ್ತಿದ್ದೇನೆ, ನನಗೆ ಯಾರೂ ಹೇಳಿರಲಿಲ್ಲ. ಏನದು ಅಂತ ಕೇಳಿದರೆ, ಆ ಇತಿಹಾಸ ನಾನೇ ಅಂತೆ!

ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಎಮ್ಮೆಗಳು ಮಲಗುವ ಮೂರು ಮೂಲೆಯ ಜಾಗ ಇದೆಯಲ್ಲ, ಅಲ್ಲಿ ‘ಮೋಟಾರು ಚೌಕ’ ಅಂತ ಒಂದನ್ನು ಕಟ್ಟುತ್ತಾರಂತೆ. ಅಕ್ಕಿ ಗಿರಣಿಯ ಶಿವಮೂರ್ತಪ್ಪನವರು ಅದರ ಸಮಿತಿಗೆ ಅಧ್ಯಕ್ಷರು. ಮೂರು ಮೂಲೆಗೆ ಚೌಕ ಅನ್ನುವುದು ಹೇಗೆ ಸ್ವಾಮಿ ಅಂತ ಕೇಳಿದೆ. ಮೇಷ್ಟ್ರು ಅದನ್ನೂ ಬರೆದುಕೊಂಡರು.

ನಮ್ಮೂರಲ್ಲಿ ಹದಿನೆಂಟು ವರ್ಷ ಬಸ್ಸಿಗೆ ಬಾಡಿ ಕಟ್ಟಿದ್ದೇವಲ್ಲ, ಅದರ ನೆನಪಿಗೆ ಈ ಚೌಕ. ಮೇಷ್ಟ್ರಿಗೆ ಬಾಡಿ ಅಂದರೆ ಏನು ಅಂತಲೇ ಗೊತ್ತಿಲ್ಲ. ಎಂಜಿನ್ನು, ಚಕ್ರ, ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ಇಷ್ಟೇ ರೈಲಿನಲ್ಲಿ ಬಂದು ಇಳಿಯುತ್ತಿತ್ತು. ಅದರ ಮೇಲೆ ಮರದ ಗೂಡು ನಿಲ್ಲಿಸಿ, ತಗಡು ಹೊದಿಸಿ, ಸೀಟು ಜೋಡಿಸಿ, ಹಿಂದೆ ಏಣಿ ಹಾಕಿ, ಜನ ಹತ್ತುವ ಹಾಗೆ ಮಾಡುವುದೇ ಬಾಡಿ ಕಟ್ಟುವುದು ಅಂತ ವಿವರಿಸಿದೆ. “ಅಂದರೆ ಬಸ್ಸಿನ ಶರೀರ” ಅಂದರು. ಹಾಗೇ ಅಂದುಕೊಳ್ಳಿ ಅಂದೆ.

“ಮೂವತ್ತೆಂಟರಲ್ಲಿ ಮೊದಲನೇ ಬಸ್ಸು ಕಟ್ಟಿದವರು ಯಾರು ಈರಭದ್ರಪ್ಪನವರೇ?”

“ನಾನು.”

“ಜೊತೆಗೆ ಯಾರಿದ್ದರು?”

“ಯಾರೂ ಇಲ್ಲ. ನಾನೊಬ್ನೇ.”

ಅಡುಗೆಮನೆಯಲ್ಲಿ ಒರಳು ತಿರುಗಿಸುತ್ತಿದ್ದ ನನ್ನ ಹೆಂಡತಿ ತೀರ್ಥಮ್ಮ ತಟ್ಟನೆ ಕೈ ನಿಲ್ಲಿಸಿದಳು. ಮೇಷ್ಟ್ರು ಬರೆದುಕೊಂಡರು, ಮಜ್ಜಿಗೆ ಕುಡಿದರು, ಹೋದರು. ಅವರು ಹೋದ ಮೇಲೂ ಒರಳು ಸುಮಾರು ಹೊತ್ತು ತಿರುಗಲಿಲ್ಲ.

೬ ಫೆಬ್ರವರಿ, ಸೋಮವಾರ

ತೀರ್ಥಮ್ಮ ಇವತ್ತು ಮುದ್ದೆ ಬಡಿಸುತ್ತಾ ಕೇಳಿದಳು. “ರೀ, ಹನೀಫಣ್ಣ ಇರ್ಲಿಲ್ವಾ?”

ಇದ್ದ. ಇಲ್ಲ ಅಂದವರು ಯಾರು? ಮರದ ಕೆಲಸ ನನ್ನದು, ತಗಡಿನ ಕೆಲಸ ಟಿಂಕರ್ ಮಹಮ್ಮದ್ ಹನೀಫನದು. ಹದಿನೆಂಟು ವರ್ಷ ಒಂದೇ ಶೆಡ್ಡಿನಲ್ಲಿ ಬೆವರು ಸುರಿಸಿದ್ದೇವೆ. ಆದರೆ ಐವತ್ತಾರರಲ್ಲಿ ಬಸ್ ಕಂಪನಿಯ ಸಾಹುಕಾರರ ಮುಂದೆ, ನಾನು ಪಕ್ಕದಲ್ಲೇ ನಿಂತಿರುವಾಗ, “ಮರದ ಕಾಲ ಮುಗೀತು ಸಾಹುಕಾರ್ರೇ, ಇನ್ನೇನಿದ್ರೂ ಕಬ್ಬಿಣ” ಅಂತ ಹೇಳಿದವನು ಇದೇ ಹನೀಫ. ಒಂದು ಮಾತು ನನ್ನ ಕಿವಿಯಲ್ಲಿ ಮೊದಲೇ ಹಾಕಿರಲಿಲ್ಲ. ಎಂಟು ದಿನದಲ್ಲಿ ನನ್ನ ಕೆಲಸ ಹೋಯಿತು. ಆಮೇಲೆ ಕಬ್ಬಿಣದ ಬಾಡಿ ಬೆಂಗಳೂರಿನಿಂದಲೇ ಸಿದ್ಧವಾಗಿ ಬರತೊಡಗಿ ಆರು ತಿಂಗಳಲ್ಲಿ ಅವನದೂ ಹೋಯಿತು, ಅದು ಬೇರೆ ಮಾತು. ಈಗ ನಾನು ಮಂಚ, ತೊಟ್ಟಿಲು ಮಾಡುತ್ತೇನೆ. ಅವನು ಬಸ್ ಸ್ಟ್ಯಾಂಡ್ ಎದುರು ಟ್ರಂಕು ಬಡಿಯುತ್ತಾನೆ. ಐದು ವರ್ಷದಿಂದ ಮಾತಿಲ್ಲ.

ಅವನ ವಿಷಯ ಈ ಪುಸ್ತಕದಲ್ಲಿ ಇನ್ನು ಬರೆಯಬಾರದು.

೨೬ ಫೆಬ್ರವರಿ, ಭಾನುವಾರ

ಚೌಕ ಮೇಲೇಳುತ್ತಿದೆ. ಮೇಲೇಳುತ್ತಿದೆ ಅಂದರೆ ಮೊಣಕಾಲಿನಷ್ಟು. ನಡುವೆ ಒಂದು ಉದ್ದನೆಯ ಸಿಮೆಂಟ್ ಕಟ್ಟೆ, ಅದರ ಮೇಲೆ ಮೂವತ್ತೆಂಟರ ಆ ಹಳೇ ಬಸ್ಸಿನ ಬಾಡಿ ಕೂರಿಸುತ್ತಾರಂತೆ. ಪಕ್ಕದಲ್ಲಿ ಕಾರಂಜಿ. ಕಾರಂಜಿಗೆ ನೀರು ಎಲ್ಲಿಂದ ಅಂತ ಮೇಸ್ತ್ರಿಯನ್ನು ಕೇಳಿದರೆ ಅವನು ಆಕಾಶ ತೋರಿಸಿದ. ಕೂರುವುದಕ್ಕೆ ಎರಡು ಬೆಂಚು ಹಾಕಿದ್ದಾರೆ. ಎರಡೂ ಚರಂಡಿ ಕಡೆಗೆ ಮುಖ ಮಾಡಿವೆ. ಕೂತವರು ಬಸ್ಸಿಗೆ ಬೆನ್ನು ತಿರುಗಿಸಿ ಕೊಚ್ಚೆಯ ಸೌಂದರ್ಯ ನೋಡಬೇಕು.

ಚೌಕದಲ್ಲಿ ನಿಂತರೆ ಆ ಟ್ರಂಕಿನ ಅಂಗಡಿ ಎದುರಿಗೇ ಕಾಣುತ್ತದೆ. ಅದಕ್ಕೆ ನಾನು ಆ ಕಡೆ ಮುಖ ಮಾಡಿ ನಿಲ್ಲುವುದಿಲ್ಲ. ಅಂಗಡಿಯ ಹಲಗೆಗೆ ಹೊಸದಾಗಿ ಹಸಿರು ಬಣ್ಣ ಹೊಡೆಸಿದ್ದಾನೆ.

೨೦ ಮಾರ್ಚಿ, ಸೋಮವಾರ

ಈ ಸಲ ಯುಗಾದಿಯ ಬೆನ್ನಿಗೇ ರಂಜಾನ್. ನಾವು ಗಂಡಸರು ಮಾತು ಬಿಟ್ಟರೂ ನಮ್ಮ ಹೆಂಗಸರು ಬಿಟ್ಟಿಲ್ಲ. ತೀರ್ಥಮ್ಮ ಹೋಳಿಗೆ ಕಳಿಸಿದ್ದಳು. ಹನೀಫನ ಹೆಂಡತಿ ಖುರ್ಷಿದ್ ಬೇಗಂ ಪ್ರತಿ ವರ್ಷದ ಹಾಗೆ ನಮ್ಮ ಮನೆಗೆ ಬೇಯಿಸದ ಶಾವಿಗೆ, ಸಕ್ಕರೆ, ದ್ರಾಕ್ಷಿ, ಗೋಡಂಬಿ ತಟ್ಟೆಯಲ್ಲಿಟ್ಟು, ಮೇಲೊಂದು ಕಸೂತಿ ಬಟ್ಟೆ ಮುಚ್ಚಿ ತಂದುಕೊಟ್ಟಳು. ಬಾಗಿಲಲ್ಲಿ ನಾನೇ ಇದ್ದೆ.

“ಚೆನ್ನಾಗಿದೀರಾ ಅಣ್ಣ? ಚೌಕದಲ್ಲಿ ನಿಮ್ಮ ಹೆಸ್ರು ಬರೆಸ್ತಾರಂತಲ್ಲ, ನಮ್ಮನೇಲೂ ಅದೇ ಮಾತು.”

ಚುಚ್ಚಿದ್ದೋ, ಬರೀ ಹೇಳಿದ್ದೋ, ಆಕೆಯ ಮುಖ ನೋಡಿದರೆ ಗೊತ್ತಾಗಲಿಲ್ಲ. ಪಾಯಸ ಎರಡು ಲೋಟ ಕುಡಿದೆ. ಮೂರನೆಯದು ಸೇರಲಿಲ್ಲ. ಹಾಲು ಸ್ವಲ್ಪ ಒಡೆದಿತ್ತು ಅನ್ನಿಸಿತು. ಒಡೆದಿರಲಿಲ್ಲ ಅಂತ ತೀರ್ಥಮ್ಮ.

೨ ಏಪ್ರಿಲ್, ಭಾನುವಾರ

ಫಲಕ ನಿಲ್ಲಿಸಿದರು. ಕಲ್ಲಿನ ಫಲಕ ಅಂತ ಊರೆಲ್ಲ ಡಂಗುರ. ಹತ್ತಿರ ಹೋಗಿ ಬೆರಳಿನಿಂದ ತಟ್ಟಿ ನೋಡಿದೆ. ಕಲ್ಲಲ್ಲ, ಸಿಮೆಂಟಿಗೆ ಕಪ್ಪು ಬಣ್ಣ ಬಳಿದಿದ್ದಾರೆ.

ಗಂಗಾಧರಯ್ಯನವರು ಪಕ್ಕದಲ್ಲಿ ನಿಂತು ಕಣ್ಣೀರು ಹಾಕುವುದೊಂದು ಬಾಕಿ. ಅವರು ಬರೆದುಕೊಟ್ಟದ್ದು ಹನ್ನೊಂದು ಸಾಲಂತೆ. “ಕಡೂರು ಪಟ್ಟಣದ ಪ್ರಪ್ರಥಮ ಮೋಟಾರು ವಾಹನದ ಶರೀರವನ್ನು ಸ್ವಹಸ್ತದಿಂದ ನಿರ್ಮಿಸಿದ” ಅಂತ ಶುರುವಾಗಿ ಕೊನೆಗೆ ವೃತ್ತ ಛಂದಸ್ಸಿನಲ್ಲಿ ಒಂದು ಪದ್ಯ ಬೇರೆ. ಮೇಸ್ತ್ರಿ ಜಾಗ ಸಾಲದು ಅಂದನಂತೆ. ಶಿವಮೂರ್ತಪ್ಪನವರು ಪೆನ್ಸಿಲ್ ತೆಗೆದುಕೊಂಡು ಹೊಡೆದು ಹಾಕುತ್ತಾ ಹೋಗಿ, ಕೊನೆಗೆ ಉಳಿದದ್ದು ಇಷ್ಟು:

ಈರಭದ್ರಪ್ಪನವರ ಬಾಡಿ
೧೯೩೮

ಬಸ್ಸಿನ ಬಾಡಿ ಇನ್ನೂ ಬಂದಿಲ್ಲ. ಅದು ಸಖರಾಯಪಟ್ಟಣದಲ್ಲಿ ಸಾಹುಕಾರರ ತೋಟದಲ್ಲಿ ಬಿದ್ದಿದೆ. ಹೀಗಾಗಿ ಸದ್ಯಕ್ಕೆ ಚೌಕದಲ್ಲಿರುವುದು ಆರಾಳು ಉದ್ದದ ಖಾಲಿ ಕಟ್ಟೆ, ಮತ್ತು ಅದರ ತಲೆಯ ಹತ್ತಿರ ನನ್ನ ಹೆಸರು. ನೋಡಿದವನಿಗೆ ಏನನ್ನಿಸುತ್ತದೋ ಆ ದೇವರೇ ಬಲ್ಲ.

೧೧ ಏಪ್ರಿಲ್, ಮಂಗಳವಾರ

ದೇವರಷ್ಟೇ ಅಲ್ಲ, ಕೋಟೆ ಬೀದಿಯವರೂ ಬಲ್ಲರು.

ಮುದುಕಿ ಕೆಂಚಮ್ಮ ತೀರಿಕೊಂಡಿದ್ದಳು, ತೊಂಬತ್ತು ದಾಟಿತ್ತು. ಸ್ಮಶಾನಕ್ಕೆ ಹೋಗುವ ನಡುದಾರಿಯಲ್ಲಿ ಚಟ್ಟ ಒಮ್ಮೆ ಇಳಿಸುವ ಪದ್ಧತಿ ಇದೆಯಲ್ಲ, ಅದಕ್ಕಿದ್ದ ಹಳೇ ಚಪ್ಪಡಿ ರಸ್ತೆಗೆ ಡಾಂಬರು ಹಾಕುವಾಗ ಮುಚ್ಚಿಹೋಗಿದೆ. ಇವತ್ತು ಹೊತ್ತವರು ಅತ್ತ ಇತ್ತ ನೋಡಿದರು. ಅಷ್ಟುದ್ದದ ಹೊಸ ಕಟ್ಟೆ ಕಂಡಿತು. ಅವರಲ್ಲಿ ಅಕ್ಷರ ಬಲ್ಲವನೊಬ್ಬ ಫಲಕ ಓದಿ, “ಬಾಡಿ ಇಳ್ಸೋಕೇ ಕಟ್ಟಿರೋದು ಕಣ್ರೋ, ಬರೆದಿದಾರೆ ನೋಡಿ. ಈರಭದ್ರಪ್ನೋರು ಯಾರೋ ಪುಣ್ಯಾತ್ಮರು ಕಟ್ಸಿಕೊಟ್ಟಿದಾರೆ” ಅಂದನಂತೆ. ಇಳಿಸಿದರು. ಮಂಡಕ್ಕಿ ಎರಚಿದರು. ತಲೆ ಕಾಲು ದಿಕ್ಕು ಬದಲಿಸಿ ಹೊತ್ತುಕೊಂಡು ಹೋದರು.

ಶಿವಮೂರ್ತಪ್ಪನವರು ಗಿರಣಿಯಿಂದ ಓಡಿ ಬರುವಷ್ಟರಲ್ಲಿ ಎಮ್ಮೆ ಮಂಡಕ್ಕಿ ತಿನ್ನುತ್ತಿತ್ತಂತೆ. ನಾನು ನಕ್ಕು ನಕ್ಕು ಕೆಮ್ಮು ಬಂದು ತೀರ್ಥಮ್ಮ ಬೆನ್ನಿಗೆ ಗುದ್ದಬೇಕಾಯಿತು. ಇಂಥದ್ದಕ್ಕೆ ಹನೀಫ ಹೇಗೆ ನಗುತ್ತಿದ್ದ ಅಂದರೆ, ಶೆಡ್ಡಿನ ತಗಡೆಲ್ಲ ಗಡಗಡ ಅನ್ನುತ್ತಿತ್ತು.

೧೩ ಏಪ್ರಿಲ್, ಗುರುವಾರ

ಇವತ್ತು ನಾನು ಸತ್ತೆ.

ಅಜ್ಜಂಪುರದವನೊಬ್ಬ ಬಸ್ಸಿಗೆ ಕಾಯುತ್ತಾ ಚೌಕದ ಫಲಕ ಓದಿಕೊಂಡು ಊರಿಗೆ ಹೋಗಿದ್ದಾನೆ. ಅಲ್ಲಿ ನನ್ನ ತಂಗಿ ಈರಕ್ಕನಿಗೆ, “ನಿಮ್ಮಣ್ಣನ ಸಮಾಧಿ ಕಡೂರಲ್ಲಿ ಬಲು ಚೆನ್ನಾಗಿ ಕಟ್ಟಿದಾರೆ” ಅಂದಿದ್ದಾನೆ. ಅವಳು ಸಿಕ್ಕ ರೈಲು ಹತ್ತಿ ಬಂದೇ ಬಿಟ್ಟಳು. ನಾನು ಜಗಲಿಯ ಮೇಲೆ ತೊಟ್ಟಿಲಿನ ಕಾಲು ತೀಡುತ್ತಿದ್ದೆ. ಬೀದಿಯ ಆ ತುದಿಯಿಂದಲೇ “ನನ್ನೊಡಹುಟ್ಟೇ, ಹೇಳ್ದೆ ಕೇಳ್ದೆ ಹೋದೆಯಲ್ಲೋ” ಅಂತ ಎದೆ ಬಡಿದುಕೊಂಡು ಬರುವುದು ಕೇಳಿಸಿತು. ಯಾರು ಸತ್ತರಪ್ಪ ಅಂತ ಎದ್ದು ನಿಂತೆ.

ನನ್ನನ್ನು ಕಂಡು ಅಳು ನಿಲ್ಲಿಸಿದಳು. ಒಂದು ಕ್ಷಣ ಸಂತೋಷಪಟ್ಟಳು. ಆಮೇಲೆ ಸಿಟ್ಟು ಬಂತು. “ಬದುಕಿದೀನಿ ಅಂತ ಒಂದು ಕಾಗದ ಹಾಕೋಕೆ ನಿನ್ಗೇನು ಬ್ಯಾನೆ ಅಣ್ಣಯ್ಯಾ? ಸ್ಟೇಷನ್ನಿಂದ ಇಲ್ಲಿಗಂಟ ಅತ್ಕೊಂಡೇ ಬಂದಿದೀನಿ!” ಅಂತ ಬೈದಳು. ಯಾರಾದರೂ ಬದುಕಿದ್ದೇನೆ ಅಂತ ಕಾಗದ ಹಾಕುತ್ತಾರಾ?

ನೀರು ಕುಡಿದ ಮೇಲೆ ಹೇಳಿದಳು. “ದಾರೀಲಿ ಹನೀಫಣ್ಣ ಸಿಕ್ಕಿದ್ದ. ಅಣ್ಣಯ್ಯ ಹೋದ್ನಂತೆ ಕಣಣ್ಣೋ ಅಂದೆ. ಅಂಗಡಿ ಹಂಗೇ ಬಿಟ್ಟು ಬರೀ ಕಾಲಲ್ಲಿ ನನ್ ಮುಂದೆ ಓಡಿ ಬಂದ. ಬರ್ಲಿಲ್ವಾ?”

ಬಂದಿದ್ದ. ಈರಕ್ಕನ ದನಿ ಕೇಳುವುದಕ್ಕೆ ಸ್ವಲ್ಪ ಮುಂಚೆ ಬೀದಿಯ ತಿರುವಿನಲ್ಲಿ ನಿಂತಿದ್ದ. ನನ್ನನ್ನು ನೋಡಿದ. ನಾನು ಉಳಿ ಹಿಡಿದು ಕೂತಿದ್ದೆ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ವಾಪಸ್ಸು ಹೋದ. ಯಾಕೆ ಬಂದ, ಯಾಕೆ ಹೋದ ಅಂತ ಆಗ ಗೊತ್ತಾಗಲಿಲ್ಲ.

ಬಿಸಿಲು ಜಾಸ್ತಿ ಈ ವರ್ಷ. ಯಾರಿಗಾದರೂ ಬೆವರುತ್ತದೆ.

೨೩ ಏಪ್ರಿಲ್, ಭಾನುವಾರ

ಬಾಡಿ ಬಂತು. ಸಖರಾಯಪಟ್ಟಣದಿಂದ ಎರಡು ಎತ್ತಿನ ಗಾಡಿ ಜೋಡಿಸಿ, ಮೇಲೆ ಕಟ್ಟಿಕೊಂಡು ತಂದರು. ಬಸ್ಸನ್ನು ಎತ್ತು ಎಳೆದು ತರುವುದನ್ನು ನೋಡಿ ಬಸ್ ಸ್ಟ್ಯಾಂಡಿನ ಡ್ರೈವರುಗಳೆಲ್ಲ ಹಾರನ್ ಹೊಡೆದರು. ಒಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ, ಒಂದು ಕೋಳಿ ಇಳಿಯದೆ ಕಡೂರಿನವರೆಗೂ ಪ್ರಯಾಣ ಮಾಡಿದೆ. ಟಿಕೆಟ್ ಇಲ್ಲದೆ.

ಎಲ್ಲರೂ ಹೋದ ಮೇಲೆ ನಾನು ಕಟ್ಟೆ ಹತ್ತಿ ಒಳಗೆ ನುಗ್ಗಿದೆ. ನನ್ನ ಮರ ನೋಡಬೇಕು ಅಂತ ಆಸೆ. ಎಡಗಡೆ ಮೂರನೇ ಕಂಬದ ಬುಡದಲ್ಲಿ ನಾನು ಕೆತ್ತಿದ ಸಣ್ಣ ಬಸವ ಇರಬೇಕು.

ಕಂಬವೇ ಇರಲಿಲ್ಲ.

ಒಂದು ಕಂಬವೂ ಇಲ್ಲ. ಗೆದ್ದಲು ಎಲ್ಲವನ್ನೂ ತಿಂದು ಮುಗಿಸಿದೆ. ಕೈ ಹಾಕಿದ ಕಡೆಯೆಲ್ಲ ಮಣ್ಣಿನ ಹುಡಿ ಉದುರಿತು. ಮರದ ತೊಲೆ ಅಂತ ಹಿಡಿದರೆ ಬೆರಳು ಒಳಗೆ ಹೋಯಿತು. ಹಾಗಾದರೆ ಇದು ಬೀಳದೆ ನಿಂತಿರುವುದು ಹೇಗೆ ಅಂತ ಹೊರಗೆ ಬಂದು ಸುತ್ತು ಹಾಕಿ ನೋಡಿದೆ. ತಗಡು. ಬರೀ ತಗಡು ನಿಂತಿದೆ. ಹಿಂಬದಿಯ ಎರಡು ಮೂಲೆಯಲ್ಲಿ ಒಂದೇ ತಗಡನ್ನು ಕತ್ತರಿಸದೆ, ಬೆಸುಗೆ ಹಾಕದೆ, ಮರದ ಸುತ್ತಿಗೆಯಿಂದ ಬಡಿದು ಬಡಿದು ಗುಂಡಗೆ ತಿರುಗಿಸಿದ್ದಾನೆ ಹನೀಫ. ಆ ಎರಡು ಮೂಲೆಗೆ ಹನ್ನೊಂದು ದಿನ ತೆಗೆದುಕೊಂಡಿದ್ದ. “ಬೇಗ ಮುಗಿಸೋ, ಇದೇನು ನಿನ್ ಮಗಳ ಮದುವೆ ಒಡವೆನಾ?” ಅಂತ ನಾನೇ ಗೇಲಿ ಮಾಡಿದ್ದೆ. ಇಪ್ಪತ್ತಮೂರು ವರ್ಷದ ಮೇಲೂ ಬೆರಳು ಆಡಿಸಿದರೆ ಎಲ್ಲೂ ತಡೆಯುವುದಿಲ್ಲ.

ಈರಭದ್ರಪ್ಪನವರ ಬಾಡಿ ಅಂತ ಬರೆದಿದೆಯಲ್ಲ. ಅದರಲ್ಲಿ ಈರಭದ್ರಪ್ಪನದು ಒಂದು ಚೂರೂ ಇಲ್ಲ.

೨೪ ಏಪ್ರಿಲ್, ಸೋಮವಾರ

ಕೆಲಸಕ್ಕೆ ಕೈ ಹೋಗಲಿಲ್ಲ.

೧ ಮೇ, ಸೋಮವಾರ

ಉದ್ಘಾಟನೆ. ಬರಬೇಕಾದ ದೊಡ್ಡವರು ಬರಲಿಲ್ಲ. ಅವರಿಂದ ಶುಭ ಕೋರುವ ತಂತಿ ಬಂತೋ, ಬಾರದ್ದಕ್ಕೆ ವಿಷಾದದ ತಂತಿ ಬಂತೋ, ಮೈಕು ಕೈಕೊಟ್ಟದ್ದರಿಂದ ಕೇಳಿಸಲಿಲ್ಲ. ಶಿವಮೂರ್ತಪ್ಪನವರೇ ಟೇಪು ಕತ್ತರಿಸಿದರು. ಬಾಡಿಗೆ ಬೆಳ್ಳಿ ಬಣ್ಣ ಬಳಿದಿದ್ದಾರೆ, ಗೌರಿ ಹಬ್ಬದ ಬಾಗಿನದ ಮೊರದ ಹಾಗೆ ಹೊಳೆಯುತ್ತದೆ. ಒಳಗೆ ಯಾವುದೋ ಲಾರಿಯ ಸ್ಟೀರಿಂಗು ಸಿಕ್ಕಿಸಿದ್ದಾರೆ. ಕಾರಂಜಿಗೆ ಇಬ್ಬರು ಬಿಂದಿಗೆಯಲ್ಲಿ ನೀರು ತಂದು ಸುರಿದರು. ಅದು ಕೆಳಗಿನಿಂದ ಸೋರಿ ಮೇಷ್ಟ್ರ ಚಪ್ಪಲಿ ನೆನೆಯಿತು.

ನನಗೆ ಹಾರ ಹಾಕಿದರು, ಜರಿ ಪೇಟ ತೊಡಿಸಿದರು. “ಏಕಾಂಗಿಯಾಗಿ, ಯಾರ ನೆರವೂ ಇಲ್ಲದೆ” ಅಂತ ಮೇಷ್ಟ್ರು ಮೈಕಿಲ್ಲದೆಯೇ ಕೂಗಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಹನೀಫ ಅಂಗಡಿಯಿಂದ ಇಳಿದು ಬಂದು ಸೋಡಾ ಗಾಡಿಯ ಪಕ್ಕ ನಿಂತಿದ್ದ. ಅವನೂ ಚಪ್ಪಾಳೆ ತಟ್ಟಿದ. ಎರಡು ಸಲ, ಮೆಲ್ಲಗೆ.

ಎರಡು ಮಾತಾಡಿ ಅಂದರು. ಎದ್ದು ನಿಂತೆ. ಈಗ ಹೇಳಿಬಿಡಬೇಕು ಅಂತ ಬಾಯಿ ತೆರೆದೆ. “ಎಲ್ರಿಗೂ ನಮಸ್ಕಾರ” ಅಂದು ಕೂತೆ.

ಥೂ ನನ್ನ ಜನ್ಮಕ್ಕಿಷ್ಟು. ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಅನ್ನಿಸಿತು.

೪ ಮೇ, ಗುರುವಾರ

ಗಿರಣಿಗೆ ಹೋದೆ. ಶಿವಮೂರ್ತಪ್ಪನವರು ತೌಡಿನ ಮೂಟೆಗಳ ನಡುವೆ ಕೂತಿದ್ದರು. ಫಲಕದಲ್ಲಿ ಇನ್ನೊಂದು ಹೆಸರು ಸೇರಬೇಕು ಅಂದೆ.

“ಯಾರ್ದು?”

“ಟಿಂಕರ್ ಹನೀಫಂದು. ಅವ್ನೂ ನಾನೂ ಸೇರಿ ಕಟ್ಟಿದ್ದು. ಮೇಷ್ಟ್ರ ಹತ್ರ ನಾನು ಸುಳ್ಳು ಹೇಳ್ದೆ.”

ಅವರು ನನ್ನ ಮುಖವನ್ನೇ ನೋಡಿ, ಆಮೇಲೆ ಯಾಕೋ ನಗಲು ಶುರು ಮಾಡಿದರು. “ಒಳ್ಳೆ ಜೋಡಿ ಕಣ್ರೀ ನಿಮ್ದು” ಅಂದರು. ನಗುವುದಕ್ಕೆ ಏನಿದೆ ಇದರಲ್ಲಿ? “ನೀವು ಹೇಳಿದ್ದು ಹೇಳಿ ಆಯ್ತು, ಸಿಮೆಂಟು ಒಣಗಿ ಆಯ್ತು. ಒಂದ್ ಹೆಸ್ರಿದ್ರೆ ಸ್ಮಾರಕ ಈರಭದ್ರಪ್ನೋರೇ, ಎರಡಾದ್ರೆ ಅಂಗಡಿ ಬೋರ್ಡು. ಹೋಗಿ, ಆರಾಮಾಗಿರಿ.”

ಆರಾಮ! ಮನೆಗೆ ಬಂದು ತೀರ್ಥಮ್ಮನಿಗೆ ಎಲ್ಲ ಹೇಳಿದೆ. ಅವಳು ಬುದ್ಧಿ ಹೇಳಲಿಲ್ಲ. “ನಿಮ್ಮ ಹತ್ರಾನೂ ಉಳಿ ಇದೆಯಲ್ರೀ” ಅಂದಳು, ಅಷ್ಟೇ.

೭ ಮೇ, ಭಾನುವಾರ

ಊಟ ಮಾಡಿಕೊಂಡು, ಚಿಕ್ಕ ಉಳಿ ಮತ್ತು ಕೊಡತಿ ಹಿಡಿದು ಹೊರಟೆ. ಕದ್ದು ಮಾಡುವ ಕೆಲಸವಲ್ಲ ಇದು, ಅದಕ್ಕೇ ನಡು ಮಧ್ಯಾಹ್ನ ಹೋದೆ. ಫಲಕದ ಮುಂದೆ ಎಮ್ಮೆ ಮಲಗಿತ್ತು. ಎಬ್ಬಿಸಿ, ಆ ಜಾಗದಲ್ಲಿ ಕೂತೆ. ನನ್ನ ಹೆಸರಿನ ಮೇಲೆ ನಾಲ್ಕು ಬೆರಳು ಜಾಗ ಇತ್ತು. ಮರದ ಉಳಿಯನ್ನು ಸಿಮೆಂಟಿಗೆ ಹಾಕಬಾರದು, ಬಾಯಿ ಹಾಳಾಗುತ್ತದೆ. ಹಾಳಾಯಿತು. ‘ಮಹಮ್ಮದ್’ ಅನ್ನುವಷ್ಟರಲ್ಲಿ ಬಸ್ ಸ್ಟ್ಯಾಂಡಿನಿಂದ ಹತ್ತಿಪ್ಪತ್ತು ಜನ ಬಂದು ಸುತ್ತ ನಿಂತಿದ್ದರು. ಒಬ್ಬ, ಯಾರೋ ಹೊಸದಾಗಿ ತೀರಿಕೊಂಡಿದ್ದಾರೆ ಅಂತ ಪಕ್ಕದವನಿಗೆ ಹೇಳಿದ.

ಗುಂಪು ಬಿಡಿಸಿಕೊಂಡು ಹನೀಫ ಬಂದ. ಐದು ವರ್ಷದ ಮೇಲೆ ಅವನು ನನಗೆ ಹೇಳಿದ ಮೊದಲ ಮಾತು:

“ಲೇ ಈರ, ತಲೆಗಿಲೆ ಕೆಟ್ಟಿದೆಯೇನೋ?”

“ಕಣ್ ಕಾಣಲ್ವಾ? ನಿನ್ ಹೆಸ್ರು ಕೆತ್ತುತಿದೀನಿ.”

“ಯಾಕೆ?”

ಉಳಿ ಕೆಳಗಿಟ್ಟೆ. ಅಷ್ಟು ಜನರ ಮುಂದೆ ಹೇಳಿದೆ. “ಮೇಷ್ಟ್ರು ಕೇಳ್ದಾಗ ನಿನ್ ಹೆಸ್ರು ಹೇಳ್ಲಿಲ್ಲ ಕಣೋ. ನಾನೊಬ್ನೇ ಕಟ್ಟಿದ್ದು ಅಂದೆ. ಹೊಟ್ಟೆಕಿಚ್ಚಿಗೆ ಅಂದೆ. ನನ್ ಮರ ಎಲ್ಲಾ ಗೆದ್ಲು ತಿಂದ್ಹೋಗಿದೆ, ಇಲ್ಲಿ ನಿಂತಿರೋದು ನಿನ್ ತಗಡು. ತಪ್ಪಾಯ್ತು.”

ಹನೀಫ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದ. ಆಮೇಲೆ ತಲೆ ಕೆರೆದುಕೊಂಡ. ಆಮೇಲೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬೇರೆಯವರಿಗೆ ಕೇಳದ ಹಾಗೆ ಹೇಳಿದ.

“ಮೇಷ್ಟ್ರು ನಿಮ್ಮನೆಯಿಂದ ನೆಟ್ಟಗೆ ನಮ್ಮನೆಗೇ ಬಂದಿದ್ರು ಕಣೋ.”

“ಬಂದು?”

“ಬಸ್ ಕಟ್ಟಿದ್ದು ಯಾರು ಅಂತ ಕೇಳಿದ್ರು. ನಾನೊಬ್ನೇ ಅಂದೆ. ಈರಭದ್ರಪ್ಪ ಇದ್ರಾ ಅಂದ್ರು. ಅವನೆಂಥದು, ಹಲಗೆ ಹಿಡ್ಕೊಳ್ಳೋಕೆ ಇದ್ದ ಅಂದೆ.”

“ಹಲಗೆ ಹಿಡ್ಕೊಳ್ಳೋಕಾ?”

“ಕೇಳೋ ಇಲ್ಲಿ. ಇಬ್ರೂ ನಾನೊಬ್ನೇ ಅಂತಾರಲ್ಲ, ಯಾರ್ ಮಾತು ನಂಬೋದು ಅಂತ ಗಿರಣೀಲಿ ಚೀಟಿ ಎತ್ತಿದ್ರಂತೆ. ನಿಂದು ಬಂತು.”

ಕಡೂರಿನ ಇತಿಹಾಸವನ್ನು ತೌಡಿನ ಮೂಟೆಯ ಮೇಲೆ ಕೂತು ಚೀಟಿ ಎತ್ತಿ ಬರೆದಿದ್ದಾರೆ! ಈ ಬಡ್ಡೀಮಗನಿಗೋಸ್ಕರ ನಾನು ಮೂರು ತಿಂಗಳು ಅನ್ನ ಸೇರದೆ ಬೆಂದಿದ್ದೇನೆ. ಕೊಡತಿಯಿಂದ ಅವನ ತಲೆಗೇ ಒಂದು ಬಿಡೋಣ ಅನ್ನಿಸಿತು. ಅಷ್ಟರಲ್ಲಿ ನಗು ಬಂತು. ಅವನಿಗೂ ಬಂತು. ಅವನು ನಕ್ಕ ರಭಸಕ್ಕೆ, ನಾನು ಎಬ್ಬಿಸಿದ್ದ ಎಮ್ಮೆ ಇನ್ನಷ್ಟು ದೂರ ಹೋಯಿತು. ಜನರಿಗೆ ಏನೂ ತಿಳಿಯದೆ ಅವರೂ ನಕ್ಕರು.

ನಗು ಮೊದಲು ನಿಂತದ್ದು ಅವನದು. ಫಲಕದ ಮೇಲೆ ಅರ್ಧ ಆಗಿದ್ದ ತನ್ನ ಹೆಸರಿನ ಮೇಲೆ ಬೆರಳು ಆಡಿಸಿದ.

“ಈರ, ಚೀಟೀಲಿ ನನ್ ಹೆಸ್ರು ಬಂದಿದ್ರೆ, ನಾನು ಹಿಂಗೆ ಉಳಿ ತಗೊಂಡ್ ಬತ್ತಿದ್ನೇನೋ?”

ತಮಾಷೆಗೆ ಕೇಳಿದ್ದಲ್ಲ. ಕಣ್ಣು ತುಂಬಿಕೊಂಡಿದ್ದ.

“ಬತ್ತಿದ್ದೆ ಬಿಡೋ, ನೀನೂ ಬತ್ತಿದ್ದೆ” ಅಂದೆ.

ಬರುತ್ತಿರಲಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಅವನು ಬಗ್ಗಿ ಅಂಗೈಯಿಂದ ಸಿಮೆಂಟಿನ ಹುಡಿ ಒರೆಸಿದ. ನಾನು ಉಳಿ ತೆಗೆದುಕೊಂಡು ‘ಹ’ ಶುರು ಮಾಡಿದೆ.